ಅಳಿಸದ ‘ಚ’

ನವೆಂಬರ್ 11, ಮಂಗಳವಾರ

ಒಂದು ಅಕ್ಷರಕ್ಕೆ ಇಷ್ಟು ರಾದ್ಧಾಂತ. ಮೊಳಕಾಲ್ಮೂರಿನ ವಿಶ್ವನಾಥ್ ತಮ್ಮ ಹಳೆಯ ಫಾರಿನ್ ಸ್ಪೋರ್ಟ್ಸ್ ಕಾರಿನ ಒಡೆದ ವಾಟರ್ ಪಂಪ್ ಹಿಡಿದು ನನ್ನ ಫೌಂಡ್ರಿಗೆ ಬಂದಿದ್ದರು. ಅದರ ಹೊರಕವಚ ಎಲ್ಲೂ ಸಿಗುವುದಿಲ್ಲವಂತೆ. ಎಣ್ಣೆ ಮಿಲ್ಲುಗಳ ಭಾಗಗಳಿಗೆ ಹಾಕುವಂತೆ ಇದಕ್ಕೂ ನಮ್ಮೂರು ಚಳ್ಳಕೆರೆಯ ‘ಚ’ ಗುರುತು ಹಾಕಿ ಹೊಸದೊಂದು ಎರಕ ಹೊಯ್ದುಕೊಟ್ಟೆ. ಇವತ್ತು ಕೂರಿಸಿದೆವು. ಎಂಜಿನ್ ಸ್ಟಾರ್ಟ್ ಆಯಿತು, ಒಂದು ಹನಿಯೂ ಸೋರಲಿಲ್ಲ.

ಆಮೇಲೆ ವಿಶ್ವನಾಥ್ ಮೆಲ್ಲಗೆ, “ಪ್ರೇಮಕ್ಕ, ಆ ಅಕ್ಷರ ಉಜ್ಜಿ ತೆಗೀರಿ. ಫಾರಿನ್ ಗಾಡಿಗೆ ಚೆನ್ನಾಗ್ ಕಾಣಲ್ಲ,” ಎಂದರು.

“ಒಡೆದಿದ್ದು ಫಾರಿನ್‌ದು ಸಾರ್. ಓಡಿಸ್ತಿರೋದು ನಮ್ದು.”

ಮುಖ ಗಂಟಿಕ್ಕಿ ತಾವೇ ಗ್ರೈಂಡರ್ ಎತ್ತಿಕೊಂಡರು. ನಾನು ಹೋಗಿ ಮೇನ್ ಸ್ವಿಚ್ ಆಫ್ ಮಾಡಿದೆ.

ಮನೆಗೆ ಹೋಗಿ ಉಜ್ಜಿಕೊಳ್ಳಲಿ. ಇಂಥವರು ಇರುತ್ತಾರೆಂದೇ ಒಳಗೆ, ನೀರು ಹರಿಯುವ ಕಡೆ, ಇನ್ನೊಂದು ‘ಚ’ ಹಾಕಿದ್ದೇನೆ. ಅಲ್ಲಿಗೆ ಯಾವ ಗ್ರೈಂಡರೂ ಹೋಗುವುದಿಲ್ಲ.