ಹಸಿರು ಗೇಟಿನ ಮನೆಗೆ ಬಂದ ಕನ್ಯಾನದವರು

ಪ್ರೀತಿಯ ಮಾಮಿಗೆ,

ಅಸ್ಸಲಾಮು ಅಲೈಕುಮ್. ರಿಫಾ, ಮಗು ಇಬ್ಬರೂ ಚೆನ್ನಾಗಿದ್ದಾರೆಂದು ನಿಮ್ಮ ಮಗ ನಿಝಾರ್ ಹೇಳಿದರು. ಇಲ್ಲಿ ವೇಣೂರಿನಲ್ಲಿ ನಾವೂ ಕ್ಷೇಮ. ಕ್ಷೇಮ ಎಂದು ಬರೆದು, ಎದ್ದು ಹೋಗಿ ನೀರು ಕುಡಿದು ಬಂದೆ. ಬೆಳಗ್ಗಿನಿಂದ ಹೀಗೇ. ಒಂದು ಸಾಲು ಬರೆಯುವುದು, ಅಂಗಳಕ್ಕೆ ಹೋಗಿ ಒಣಗಿದ ಬಟ್ಟೆ ಮುಟ್ಟಿ ನೋಡುವುದು, ಮತ್ತೆ ಬಂದು ಕೂರುವುದು.

ಫೋನಿನಲ್ಲಿ ಹೇಳಬಹುದಿತ್ತಲ್ಲ ಎನ್ನುತ್ತೀರಿ. ಫೋನಿನಲ್ಲಿ ನೀವು "ಸಣ್ಣ ಮಾಡಿ ಹೇಳು" ಎನ್ನುತ್ತೀರಿ, ರಿಫಾ ಸ್ಪೀಕರಿಗೆ ಹಾಕುತ್ತಾಳೆ, ಮಗು ಅಳುತ್ತದೆ, ನಾನು ಹೇಳಬೇಕಾದದ್ದು ಅರ್ಧಕ್ಕೇ ನಿಲ್ಲುತ್ತದೆ. ನಾಡಿದ್ದು ಶುಕ್ರವಾರ ನಮ್ಮೂರಿನ ಮೂಸಾಕ ಶಾರ್ಜಾಕ್ಕೆ ಹೊರಟಿದ್ದಾರೆ. ರಿಫಾಳ ಬಾಣಂತಿ ಲೇಹ್ಯದ ಜೊತೆ ಇದನ್ನೂ ಅವರ ಕೈಯಲ್ಲಿ ಕೊಡುತ್ತೇನೆ. ಅಷ್ಟರಲ್ಲಿ ಪಕ್ಕದ ಮನೆಯ ಖದೀಜಮ್ಮ ನಿಮಗೆ ವಾಯ್ಸ್ ಮೆಸೇಜ್ ಕಳಿಸಿರಬಹುದು. ಕೇಳಿದ್ದರೂ ಪರವಾಗಿಲ್ಲ, ಇದನ್ನು ಪೂರ್ತಿ ಓದಿ.

ನೀವು ಹೊರಡುವ ಮೊದಲು ನನಗೆ ಒಂದು ಮಾತು ಹೇಳಿದ್ದಿರಿ. ನಿಮ್ಮ ತಮ್ಮ ಉಮ್ಮರ್ ಮಾವ ಮಾಣಿಯಿಂದ ಬಂದ ದಿನ. ಅವರು ನಿಮಗೆಂದು ತಂದ ಬಂಗುಡೆಯ ಚೀಲವನ್ನು ಸ್ಕೂಟರಿನ ಮುಂದೆ ತೂಗುಹಾಕಿಕೊಂಡು ಹಾರನ್ ಹೊಡೆದರು. ನಾನು ಮೀನು ಮಾರುವವರೆಂದುಕೊಂಡು ಕಿಟಕಿಯಿಂದ "ಇವತ್ತು ಮೀನು ಬೇಡ, ನಿನ್ನೆಯದ್ದೇ ಉಂಟು" ಎಂದೆ. ಅವರು ಮತ್ತೆ ಹಾರನ್ ಹೊಡೆದಾಗ "ಒಂದು ಸಲ ಹೇಳಿದ್ರೆ ಗೊತ್ತಾಗುವುದಿಲ್ವಾ?" ಎಂದೂ ಕೇಳಿದೆ. ನಿಮ್ಮ ಮುಖ ಅವತ್ತು ಹೇಗಾಗಿತ್ತು ಎಂದು ನನಗೆ ಈಗಲೂ ನೆನಪುಂಟು. "ಮಾಜಿದಾ, ಇನ್ನು ಈ ಮನೆಗೆ ಯಾರೇ ಬರಲಿ, ನೀವು ಯಾರು ಅಂತ ಕೇಳಬಾರದು. ಮೊದಲು ಕೂರಿಸು, ಶರಬತ್ತು ಕೊಡು. ಯಾರೆಂದು ನಿಧಾನಕ್ಕೆ ಗೊತ್ತಾಗ್ತದೆ" ಎಂದಿರಿ.

ನಾನು ಹಾಗೆಯೇ ಮಾಡಿದೆ ಮಾಮಿ. ತಪ್ಪಾದದ್ದು ಅಲ್ಲೇ.

ಹೋದ ವಾರದ ಭಾನುವಾರ ನಿಝಾರ್ ಬಂಟ್ವಾಳಕ್ಕೆ ಮದುವೆಗೆ ಹೋಗಿದ್ದರು. ನಾನು ಒಬ್ಬಳೇ. ಗುಡಿಸಿದ್ದನ್ನೇ ಗುಡಿಸಿ, ಪಾತ್ರೆಯ ಕಪಾಟನ್ನು ಖಾಲಿ ಮಾಡಿ ಮತ್ತೆ ತುಂಬಿಸಿ, ಏನೂ ತೋಚದೆ, ರಿಫಾ ಕಳಿಸಿದ ಹೊಸ ಚೂಡಿದಾರ ಹಾಕಿ ಫೋಟೋ ತೆಗೆದು ಅವಳಿಗೆ ಕಳಿಸುವ ಎಂದು ಹೊರಟೆ. ಫೋಟೋ ಅಂದ ಮೇಲೆ ಕಣ್ಣಿಗೆ ಕಾಡಿಗೆ ಬೇಕು. ಕಾಡಿಗೆ ಹಚ್ಚಿದ ಮೇಲೆ ಮದುವೆಯ ಜುಮುಕಿಯೂ ಬೇಕು ಅನ್ನಿಸಿತು. ಅಷ್ಟರಲ್ಲಿ ಗೇಟಿನ ಎದುರು ಒಂದು ಬಿಳಿ ಕಾರು ನಿಂತಿತು. ಮೂವರು ಹೆಂಗಸರು ಇಳಿದರು. ದಪ್ಪ ಕನ್ನಡಕದ ಒಬ್ಬರು ಅಜ್ಜಿ, ನಿಮ್ಮ ಪ್ರಾಯದ ಮತ್ತೊಬ್ಬರು, ಕಾಲೇಜಿಗೆ ಹೋಗುವ ಒಂದು ಹುಡುಗಿ. ಕೈಯಲ್ಲಿ ಸ್ವೀಟಿನ ಡಬ್ಬಿ.

"ಇದೇ ಮನೆ ಅಲ್ವಾ? ಹಸಿರು ಗೇಟು?" ಎಂದರು ಅಜ್ಜಿ.

"ಇದೇ, ಇದೇ. ಬನ್ನಿ" ಎಂದೆ ನಾನು. ಖದೀಜಮ್ಮನ ಗೇಟಿಗೆ ಹಚ್ಚಿ ಉಳಿದ ಪೈಂಟನ್ನು ಹಾಳು ಮಾಡುವುದು ಬೇಡವೆಂದು ನಮ್ಮ ಗೇಟಿಗೂ ಹಚ್ಚಿಸಿದವರು ನೀವು. ಇದನ್ನು ದೂರಲಿಕ್ಕೆ ಬರೆದದ್ದಲ್ಲ, ನಡೆದದ್ದನ್ನು ಬರೆಯುವಾಗ ಇದನ್ನೂ ಬರೆಯಬೇಕಲ್ಲ.

ಯಾರೆಂದು ಕೇಳಲಿಲ್ಲ. ಕೂರಿಸಿದೆ, ಶರಬತ್ತು ಕೊಟ್ಟೆ. "ಉಮ್ಮ ಎಲ್ಲಿ?" ಎಂದು ಅಜ್ಜಿ ಕೇಳಿದರು. ನಿಮ್ಮನ್ನೇ ಕೇಳುತ್ತಿದ್ದಾರೆಂದು "ಶಾರ್ಜಾಕ್ಕೆ ಹೋಗಿದ್ದಾರೆ, ಮಗಳ ಹೆರಿಗೆಗೆ" ಎಂದೆ. ಮೂವರೂ ಮುಖಮುಖ ನೋಡಿಕೊಂಡರು. "ನಮಗೆ ಒಂದು ಮಾತು ಹೇಳಲಿಲ್ಲವಲ್ಲ" ಎಂದರು ನಿಮ್ಮ ಪ್ರಾಯದವರು. ದೇವರೇ, ಹತ್ತಿರದ ಸಂಬಂಧದವರಿಗೆ ಹೇಳದೆ ಮಾಮಿ ವಿಮಾನ ಹತ್ತಿದ್ದಾರೆ ಎಂದು ನಾನೇ ನಿಮ್ಮ ಪರವಾಗಿ ಕ್ಷಮೆ ಕೇಳಿದೆ. "ಅವಸರದಲ್ಲಿ ಹೋದದ್ದು, ಮನಸ್ಸಿಗೆ ಹಚ್ಚಿಕೊಳ್ಳಬೇಡಿ" ಎಂದೆ. ಆ ಗಾಬರಿಯಲ್ಲಿ ನಿಝಾರ್‌ಗೆಂದು ಮಾಡಿಟ್ಟಿದ್ದ ಸಮೋಸ ಎಲ್ಲ ಕರಿದೆ, ಮೊಟ್ಟೆ ಬೇಯಿಸಿದೆ, ನೀವು ಕಪಾಟಿನ ಮೇಲೆ ಅಡಗಿಸಿಟ್ಟಿದ್ದ ಪಿಸ್ತಾದ ಡಬ್ಬಿಯನ್ನೂ ಒಡೆದೆ. ಅವರು ಸಂತೋಷದಿಂದ ತಿಂದರು.

ಆಮೇಲೆ ಅಜ್ಜಿ ನನ್ನನ್ನು ಹತ್ತಿರ ಕೂರಿಸಿಕೊಂಡು ಕೈ ಹಿಡಿದು ಕೇಳತೊಡಗಿದರು. ಕುರ್‌ಆನ್ ಎಷ್ಟು ಓದಿದ್ದಿ, ಅಡುಗೆ ಎಲ್ಲ ನೀನೇ ಮಾಡುವುದಾ, ಕೂದಲಿಗೆ ಯಾವ ಎಣ್ಣೆ. ಹೊಸ ಸೊಸೆಯನ್ನು ಸಂಬಂಧದವರು ಹೀಗೆ ಕೇಳುವುದು ಇದ್ದದ್ದೇ ಎಂದು ಎಲ್ಲದಕ್ಕೂ ಉತ್ತರ ಕೊಟ್ಟೆ. "ಓದಿದ್ದು ಎಷ್ಟು?" ಎಂದಾಗ "ಬಿ.ಎಡ್." ಎಂದೆ.

"ಬಿ.ಎಡ್.? ನಮಗೆ ಹೇಳಿದ್ದು ಪಿಯುಸಿ ಅಂತ!"

ಮಾಮಿ, ಅದನ್ನು ಕೇಳಿ ನನಗೆ ಸಿಟ್ಟು ಬಂತು. ಸಂಬಂಧದವರ ಎದುರು ನೀವು ನನ್ನ ಓದನ್ನು ಕಮ್ಮಿ ಮಾಡಿ ಹೇಳಿದ್ದೀರಿ ಎಂದುಕೊಂಡೆ. ನನ್ನ ಬಾಪ ದಿನಾ ಎರಡೆರಡು ಬಸ್ಸು ಹತ್ತಿಸಿ ಓದಿಸಿದ್ದು ನಿಮಗೆ ಲೆಕ್ಕಕ್ಕೇ ಇಲ್ಲವಾ ಎಂದುಕೊಂಡೆ. ಅದೇ ಸಿಟ್ಟಿನಲ್ಲಿದ್ದಾಗ ಅಜ್ಜಿ "ಕೆಲಸಕ್ಕೆ ಹೋಗುವ ಮನಸ್ಸುಂಟಾ?" ಎಂದು ಕೇಳಿದರು. "ತುಂಬ ಉಂಟು. ಆದರೆ ಮನೆಯಲ್ಲಿ ಬಿಡುವುದಿಲ್ಲ" ಎಂದುಬಿಟ್ಟೆ. ಅಷ್ಟಕ್ಕೇ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. ಗಣಿತ ಎಂದರೆ ನನಗೆ ಎಷ್ಟು ಇಷ್ಟ, ಮಧ್ಯಾಹ್ನ ಆದರೆ ಈ ಮನೆಯಲ್ಲಿ ಹೇಗೆ ಗೋಡೆ ನೋಡಿಕೊಂಡು ಕೂತಿರುತ್ತೇನೆ, ಎಲ್ಲ ಹೇಳಿದೆ. ಅಜ್ಜಿ ನನ್ನ ಬೆನ್ನು ಸವರಿದರು. "ನಮ್ಮಲ್ಲಿ ಹಾಗೆಲ್ಲ ಇಲ್ಲ ಮಗಳೇ" ಎಂದರು. ನಿಮ್ಮ ಸಂಬಂಧದಲ್ಲಿ ಇಷ್ಟು ಒಳ್ಳೆಯವರೂ ಇದ್ದಾರಾ ಎಂದು ನನಗೆ ಕಣ್ಣೀರೇ ಬಂತು.

ಹೊರಡುವಾಗ ಅವರು ತಮ್ಮ ಬೆರಳಿನ ಉಂಗುರ ತೆಗೆದು ನನ್ನ ಬೆರಳಿಗೆ ಹಾಕಿದರು. ಮೊದಲ ಸಲ ಸೊಸೆಯ ಮುಖ ನೋಡಿದ್ದಕ್ಕೆ ಎಂದುಕೊಂಡು ಖುಷಿಯಿಂದ ಹಾಕಿಸಿಕೊಂಡೆ. "ಶಮೀರನಿಗೆ ನಾವು ಹೇಳ್ತೇವೆ. ಬೇಕಾದರೆ ಅವನೂ ಒಂದು ಸಲ ಬಂದು ನೋಡಲಿ" ಎಂದರು. "ಶಮೀರ್ ಯಾರು?" ಎಂದೆ. ಮೂವರೂ ನಕ್ಕರು. "ನಾಚಿಕೆ ನೋಡು ಅವಳದ್ದು!" ಎಂದು ಆ ಹುಡುಗಿ ನನ್ನ ಕೆನ್ನೆ ಚಿವುಟಿದಳು. ಕಾರು ಹೋಯಿತು.

ನಾನಿನ್ನೂ ಗೇಟಿನಲ್ಲೇ ಇದ್ದೆ. ಗೋಡೆಯ ಆಚೆಯಿಂದ ಖದೀಜಮ್ಮ ಕರೆದರು. "ಮಾಜಿದಾ, ಉಝ್ಮಾಳನ್ನು ನೋಡಲಿಕ್ಕೆ ಕನ್ಯಾನದಿಂದ ಜನ ಬರ್ತೇವೆ ಅಂದಿದ್ರು ಮಾರಾಯ್ತಿ. ಇಷ್ಟು ಹೊತ್ತಾದರೂ ಬರಲಿಲ್ಲ, ಫೋನೂ ಸಿಗುವುದಿಲ್ಲ. ನನ್ನ ಮಗಳು ಸೀರೆ ಉಟ್ಟು ಬೆಳಗ್ಗಿನಿಂದ ಕೂತಿದ್ದಾಳೆ."

ನಾನು ಕೈಯನ್ನು ಶಾಲಿನ ಒಳಗೆ ಅಡಗಿಸಿದೆ. ಉಝ್ಮಾ ಆ ಹುಡುಗನ ಫೋಟೋವನ್ನು ನನಗೆ ಹತ್ತು ಸಲ ತೋರಿಸಿದ್ದಳು. ಫೋಟೋ ನೋಡಿದ್ದೇನೆ, ಹೆಸರು ಮಾತ್ರ ಕೇಳಿರಲಿಲ್ಲ. ಖದೀಜಮ್ಮನಿಗೆ ಏನೂ ಹೇಳದೆ ಚಪ್ಪಲಿ ಸಿಕ್ಕಿಸಿ ಓಡಿದೆ. ಕಟ್ಟೆಯ ಹತ್ತಿರ ಜತ್ತಪ್ಪಣ್ಣನ ರಿಕ್ಷಾ ನಿಂತಿತ್ತು.

"ಒಂದು ಬಿಳಿ ಕಾರು ಗುರುವಾಯನಕೆರೆ ಕಡೆಗೆ ಹೋಯ್ತು. ಅದನ್ನು ಹಿಡಿಯಬೇಕು."

"ಎಂತ ಅಕ್ಕ, ಏನಾದರೂ ಕದ್ದುಕೊಂಡು ಹೋದ್ರಾ?"

"ಇಲ್ಲ, ಚಿನ್ನ ಕೊಟ್ಟು ಹೋದ್ರು."

ಜತ್ತಪ್ಪಣ್ಣ ತಿರುಗಿ ನನ್ನ ಮುಖ ನೋಡಿದರು. "ಕೊಟ್ಟು ಹೋದವರನ್ನು ಅಟ್ಟಿಸಿಕೊಂಡು ಹೋಗುವುದು ನಾನು ಇವತ್ತೇ ನೋಡುವುದು" ಎಂದು ಗಾಡಿ ಬಿಟ್ಟರು. ಆ ರಸ್ತೆಯ ಒಂದು ಗುಂಡಿಯನ್ನೂ ಅವರು ತಪ್ಪಿಸಲಿಲ್ಲ. ಗುರುವಾಯನಕೆರೆ ಸಿಗುವ ಮೊದಲು ಒಂದು ಮಸೀದಿಯ ಎದುರು ಆ ಕಾರು ನಿಂತಿತ್ತು. ಡ್ರೈವರ್ ಸಂಜೆಯ ಅಸರ್ ನಮಾಝಿಗೆ ಒಳಗೆ ಹೋಗಿದ್ದ. ಹೆಂಗಸರು ಕಾರಿನಲ್ಲೇ ಕೂತಿದ್ದರು.

ನಾನು ಕಿಟಕಿಗೆ ಮುಖ ಕೊಟ್ಟು, ಉಸಿರು ಬಿಡಲಿಕ್ಕೂ ಆಗದೆ, "ನನಗೆ ಮದುವೆ ಆಗಿದೆ" ಎಂದೆ.

ಅಜ್ಜಿ ಎದೆಯ ಮೇಲೆ ಕೈ ಇಟ್ಟುಕೊಂಡರು. "ಯಾ ಅಲ್ಲಾಹ್! ಮನೆಯವರಿಗೆ ಗೊತ್ತುಂಟಾ?"

"ಗೊತ್ತುಂಟು. ಅವರೇ ಮಾಡಿಸಿದ್ದು."

ಹುಡುಗಿ, ಅವಳ ಹೆಸರು ಆಫ್ರಾ, ಮೊದಲು ಅರ್ಥ ಮಾಡಿಕೊಂಡು ಸೀಟಿನ ಮೇಲೆ ಬಿದ್ದು ನಕ್ಕಳು. ಅವಳ ಉಮ್ಮ, ಹುಡುಗನ ತಾಯಿ, ನಗಲಿಲ್ಲ. "ಒಂದೇ ದಿನ ಎರಡು ಹುಡುಗಿ ನೋಡಿದ್ರು ಅಂತ ಊರೆಲ್ಲ ಹೇಳುವುದು ಬೇಡ. ಮನೆಗೆ ಹೋಗುವ" ಎಂದರು. ನಾನು ಉಂಗುರ ಅಜ್ಜಿಯ ಕೈಗೆ ಕೊಟ್ಟು, ಕಾರಿನ ಬಾಗಿಲನ್ನು ಬಿಡದೆ ಹಿಡಿದು, "ಅಲ್ಲಿ ಒಬ್ಬಳು ಬೆಳಗ್ಗಿನಿಂದ ಕಾಯ್ತಾ ಕೂತಿದ್ದಾಳೆ. ನೀವು ಬರದೇ ಹೋದರೆ ತನ್ನಲ್ಲೇ ಏನೋ ಕೊರತೆ ಉಂಟು ಅಂದುಕೊಳ್ತಾಳೆ. ನಾನು ಮಾಡಿದ್ದಕ್ಕೆ ಅವಳು ಯಾಕೆ ಅಳಬೇಕು?" ಎಂದೆ. ಅಜ್ಜಿಯೇ ಬಾಗಿಲು ತೆಗೆದು ಸರಿದು ಕೂತು ನನಗೆ ಜಾಗ ಮಾಡಿದರು.

ನಾವು ವಾಪಸ್ ಬಂದಾಗ ಉಝ್ಮಾ ಸೀರೆ ಬಿಚ್ಚಿ, ಮುಖ ತೊಳೆದು, ಹಳೇ ನೈಟಿ ಹಾಕಿ ಕೋಳಿಗೆ ಅಕ್ಕಿ ಹಾಕುತ್ತಿದ್ದಳು. ಕಣ್ಣು ಕೆಂಪಗಿತ್ತು. ನಾನು ಅಂಗಳದಲ್ಲೇ ನಿಂತು ಎಲ್ಲವನ್ನೂ ಹೇಳಿದೆ. ಖದೀಜಮ್ಮ ನನ್ನನ್ನು ನೋಡಿದ ನೋಟ ಬೇಡ ಮಾಮಿ. ಉಝ್ಮಾ ಬಟ್ಟೆ ಬದಲಿಸಲಿಕ್ಕೂ ಹೋಗಲಿಲ್ಲ. ಹಾಗೆಯೇ ಬಂದು ಅವರೆದುರು ಕೂತು, "ಅವಳನ್ನು ನೋಡಿದ ಮೇಲೆ ನನ್ನನ್ನು ಎಂತ ನೋಡುವುದು?" ಎಂದಳು. ಆಗ ಅಜ್ಜಿ, ನಮ್ಮ ಮನೆಯಲ್ಲಿ ಹೊಟ್ಟೆ ಬಿರಿಯುವಷ್ಟು ತಿಂದಿದ್ದ ಅದೇ ಅಜ್ಜಿ, "ಮೊದಲು ಊಟ ಬಡಿಸು ಮಗಳೇ" ಎಂದು ಎಲೆಯ ಎದುರು ಕೂತರು. ತಣಿದ ಕೋಳಿ ಸಾರಿನಲ್ಲಿ ಎರಡು ರೊಟ್ಟಿ ತಿಂದರು. ಮೂರನೆಯದಕ್ಕೆ ಕೈ ಚಾಚಿದಾಗ ಅವರ ಹಣೆಯಲ್ಲಿ ಬೆವರು ಬಂದಿತ್ತು. ಉಝ್ಮಾ ಅದನ್ನು ನೋಡಿದಳು. ಮೆಲ್ಲಗೆ ಆ ರೊಟ್ಟಿಯನ್ನು ಅವರ ಕೈಯಿಂದ ತೆಗೆದು, "ಸಾಕು, ಇನ್ನು ತಿಂದರೆ ನಿಮಗೆ ಆಸ್ಪತ್ರೆ ಆದೀತು" ಎಂದು ಜೀರಿಗೆ ನೀರು ತಂದುಕೊಟ್ಟಳು. ಹುಡುಗನ ತಾಯಿ ಅಷ್ಟು ಹೊತ್ತಿನಲ್ಲಿ ಮೊದಲ ಸಲ ಅವಳನ್ನು ನೆಟ್ಟಗೆ ನೋಡಿದರು.

ತಿಳಿಸ್ತೇವೆ ಎಂದು ಹೋದರು. ಆಮೇಲಿನ ದಿನಗಳನ್ನು ಹೇಗೆ ಕಳೆದೆನೋ. ಗೋಡೆಯ ಆಚೆ ಫೋನ್ ರಿಂಗಾದರೆ ಸಾಕು, ಸೌಟು ಹಿಡಿದೇ ಹಿತ್ತಿಲಿಗೆ ಓಡುತ್ತಿದ್ದೆ. ಹಾಲು ಉಕ್ಕಿತು, ಕುಕ್ಕರಿನಲ್ಲಿ ಬೇಳೆ ಕರಟಿತು, ನಿಝಾರ್‌ನ ಬಿಳಿ ಅಂಗಿ ನನ್ನ ಕೆಂಪು ಶಾಲಿನ ಜೊತೆ ಒಗೆದು ಗುಲಾಬಿಯಾಯಿತು. ಅವರು ಅದನ್ನೇ ಹಾಕಿಕೊಂಡು ಬೆಳ್ತಂಗಡಿಯ ಅಂಗಡಿಗೆ ಹೋದರು. ಒಂದು ಮಾತು ಬೈಯಲಿಲ್ಲ. ನಿಮ್ಮ ಮಗ ಹಾಗೆ. ಬೈದಿದ್ದರೆ ನನಗೂ ಸ್ವಲ್ಪ ಸಮಾಧಾನ ಆಗುತ್ತಿತ್ತು.

ಮೊನ್ನೆ ಕನ್ಯಾನದಿಂದ ಫೋನ್ ಬಂತು. ಅವರಿಗೆ ಒಪ್ಪಿಗೆ. ನಿನ್ನೆ ಹುಡುಗನೇ ಬರುವುದೆಂದಾಯಿತು. ಅದನ್ನು ಹೇಳಲಿಕ್ಕೆ ಖದೀಜಮ್ಮ ಆ ಭಾನುವಾರದ ಮೇಲೆ ಮೊದಲ ಸಲ ನಮ್ಮ ಮೆಟ್ಟಿಲ ತನಕ ಬಂದರು. "ಅವನು ಬಂದು ಹೋಗುವವರೆಗೆ ನೀನು ಈ ಊರಲ್ಲೇ ಇರಬಾರದು" ಎಂದರು. ಸರಿ ಎಂದು ಬೆಳಗ್ಗೆಯೇ ಮೂಡುಬಿದಿರೆಯ ಬಸ್ಸು ಹತ್ತಿದೆ.

ಅಲ್ಲಿ ಎಲ್ಲಿಗೆ ಹೋಗುವುದು? ಬಸ್‌ಸ್ಟ್ಯಾಂಡಿನಲ್ಲಿ ಎಷ್ಟು ಹೊತ್ತು ಕೂರುವುದು? ನನ್ನ ಜೊತೆ ಬಿ.ಎಡ್. ಮಾಡಿದ ಶಮ್ನಾ ಅಲ್ಲಿ ಒಂದು ಸಣ್ಣ ಶಾಲೆಯಲ್ಲಿದ್ದಾಳೆ. ಅವಳನ್ನು ಮಾತಾಡಿಸಿ ಬರುವ ಎಂದು ಹೋದೆ. ಆ ಶಾಲೆಯ ಗಣಿತದ ಟೀಚರ್ ಹೆರಿಗೆ ರಜೆಯಲ್ಲಿದ್ದಾರೆ, ಏಳನೇ ಕ್ಲಾಸಿನ ಮಕ್ಕಳು ಕಿರುಚುತ್ತಿದ್ದಾರೆ. ಶಮ್ನಾ ಹೆಡ್ ಟೀಚರ ಕಿವಿಯಲ್ಲಿ ಏನೋ ಹೇಳಿದಳು. ಅವರು ನನ್ನ ಕೈಗೆ ಚಾಕ್‌ಪೀಸ್ ಕೊಟ್ಟು "ಒಂದು ಪೀರಿಯಡ್ ನೋಡಿಕೊಳ್ತೀರಾ?" ಎಂದರು. ಭಿನ್ನರಾಶಿ ಹೇಳಿಕೊಟ್ಟೆ. ಹಲಸಿನ ಹಣ್ಣನ್ನು ಬೋರ್ಡಿನ ಮೇಲೆ ಬರೆದು ಪಾಲು ಮಾಡಿದೆ. ಬೆಲ್ ಹೊಡೆದದ್ದು ಗೊತ್ತಾಗಲಿಲ್ಲ. ಒಂದು ಪೀರಿಯಡ್ ಎಂದದ್ದು ಸಂಜೆಯವರೆಗೆ ಹೋಯಿತು. ಅಷ್ಟು ಹೊತ್ತು ನಾನು ಬಾಗಿಲ ಕಡೆಗಾಗಲಿ ಫೋನಿನ ಕಡೆಗಾಗಲಿ ನೋಡಲಿಲ್ಲ ಮಾಮಿ. ಸಂಜೆ ಹೆಡ್ ಟೀಚರ್ "ಸೋಮವಾರದಿಂದ ಬರ್ತೀರಾ?" ಎಂದು ಕೇಳಿದರು. ಬರ್ತೇನೆ ಎಂದೆ.

ಬಸ್ಸಿನಲ್ಲಿ ಬರುವಾಗ ಒಂದು ವಿಷಯ ಯೋಚನೆಗೆ ಬಂತು. ಮನೆಯಲ್ಲಿ ಬಿಡುವುದಿಲ್ಲ ಎಂದು ಗುರುತಿಲ್ಲದ ಅಜ್ಜಿಯ ಹತ್ತಿರ ದೂರಿದೆ. ಆದರೆ ನೀವು ಯಾವಾಗ ಬೇಡ ಎಂದಿರಿ? ನಾನು ನಿಮ್ಮನ್ನು ಕೇಳಿದ್ದೇ ಇಲ್ಲ. ಪಿಯುಸಿ ಓದಿದ್ದು ಉಝ್ಮಾ, ಅದನ್ನೂ ನಿಮ್ಮ ತಲೆಗೆ ಕಟ್ಟಿದ್ದೆ. ನಿಮ್ಮನ್ನು ಕೇಳಲಿಕ್ಕೆ ನನಗೆ ಹೆದರಿಕೆ, ಅಷ್ಟೇ. ರಾತ್ರಿ ಊಟಕ್ಕೆ ಕೂತಾಗ ನಿಝಾರ್‌ಗೆ ಹೇಳಿದೆ. "ಒಳ್ಳೆಯದೇ ಆಯ್ತು. ಉಮ್ಮನಿಗೆ ಮಾತ್ರ ನೀನೇ ಹೇಳು, ನನ್ನಿಂದ ಆಗುವುದಿಲ್ಲ" ಎಂದರು. ಅವರಿಗೂ ನಿಮ್ಮ ಹೆದರಿಕೆಯೇ. ಇಷ್ಟೆಲ್ಲ ಬರೆದದ್ದು ಇಲ್ಲಿಗೆ ಬಂದು ಮುಟ್ಟಲಿಕ್ಕೆ.

ಉಝ್ಮಾ ಇವತ್ತು ಗೋಡೆಯ ಹತ್ತಿರ ಬಂದಿದ್ದಳು. ಹುಡುಗ ಹೇಗೆ ಎಂದು ಕೇಳಿದೆ. "ಫೋಟೋಗಿಂತ ಗಿಡ್ಡ" ಎಂದಳು. ಹೇಳುವಾಗ ನಗು ತಡೆಯಲಿಕ್ಕೆ ತುಟಿ ಕಚ್ಚಿಕೊಂಡಿದ್ದಳು. ನನ್ನ ಮೇಲಿನ ಸಿಟ್ಟು ಪೂರ್ತಿ ಹೋಗಿಲ್ಲ. ಹೋಗುವವರೆಗೆ ಕಾಯುತ್ತೇನೆ.

ಮಾಮಿ, ಈ ಕಾಗದ ನಿಮ್ಮ ಕೈ ಸೇರುವಾಗ ನಾನು ಬೆಳಗ್ಗಿನ ಬಸ್ಸಿನಲ್ಲಿರುತ್ತೇನೋ ಏನೋ. ಒಪ್ಪಿಗೆ ಕೇಳುವ ಹೊತ್ತು ದಾಟಿ ಹೋಯಿತು, ಬರ್ತೇನೆ ಎಂದು ಆಗಲೇ ಹೇಳಿಬಿಟ್ಟಿದ್ದೇನೆ. ನಿಮಗೆ ಬೇಸರವಾದರೆ ಫೋನ್ ಮಾಡಿ ಬೈಯಿರಿ, ರಿಫಾ ಸ್ಪೀಕರಿಗೆ ಹಾಕಿದರೂ ಪರವಾಗಿಲ್ಲ. ಬೈದು ಮುಗಿದ ಮೇಲೆ ನನಗಾಗಿ ಒಂದು ದುಆ ಮಾಡಿ. ಏಳನೇ ಕ್ಲಾಸಿನಲ್ಲಿ ನಲವತ್ತು ಮಕ್ಕಳಿದ್ದಾರೆ.

ಅಲ್ಲಾಹು ನಿಮಗೂ ರಿಫಾಳಿಗೂ ಪುಟ್ಟ ಮಗುವಿಗೂ ಆರೋಗ್ಯ ಕೊಡಲಿ.

ನಿಮ್ಮ ಸೊಸೆ,
ಮಾಜಿದಾ ಟೀಚರ್