ನಮ್ಮ ಶಾಲೆಗೆ ನಿಮ್ಮ ಸೈರನ್ ಬೇಡ

ಗಂಟೆಯ ಮೇಲೆ ಅಪಾರ ಪ್ರೀತಿಯುಳ್ಳ ಮಾನ್ಯ ಶಿಕ್ಷಣಾಧಿಕಾರಿಗಳೇ,

ಈ ತಿಂಗಳ ಕೊನೆಯೊಳಗೆ ಪ್ರತಿಯೊಂದು ಶಾಲೆಯೂ ವಿದ್ಯುತ್ ಸೈರನ್ ಅಳವಡಿಸಿಕೊಳ್ಳಬೇಕು, ಅದರ ಸದ್ದು ಗೇಟಿನ ಆಚೆಗೂ ಕೇಳಿಸಬೇಕು, ತಪ್ಪಿದರೆ ಮಾನ್ಯತೆ ನವೀಕರಿಸಲಾಗುವುದಿಲ್ಲ ಎಂದು ತಾವು ಆದೇಶ ಹೊರಡಿಸಿದ್ದೀರಿ. ಆ ಆದೇಶದಿಂದ ನನ್ನ ಆರು ವರ್ಷದ ಮಗಳು ತನ್ನ ಶಾಲೆ ಕಳೆದುಕೊಳ್ಳಲಿದ್ದಾಳೆ. ಅವಳಿಗೆ ಆಟಿಸಂ ಇದೆ. ಒಂಬತ್ತು ಶಾಲೆಗಳ ಮೆಟ್ಟಿಲು ಹತ್ತಿಳಿದು ನಾವು ಅವಳಿಗಾಗಿ ಆರಿಸಿಕೊಂಡ ಶಾಲೆ ಅದು. ತಮ್ಮ ಕಚೇರಿಗೆ ಮೂರು ಸಲ ಬಂದದ್ದಾಯಿತು, ಮೂರು ಸಲವೂ ಅರ್ಜಿ ಕೊಟ್ಟದ್ದಾಯಿತು. ಅರ್ಜಿಗೆ ಮುದ್ರೆ ಬಿತ್ತು, ಉತ್ತರ ಮಾತ್ರ ಬರಲಿಲ್ಲ. ಆದ್ದರಿಂದ ಈಗ ಊರಿಗೆಲ್ಲ ಕೇಳಿಸುವಂತೆ ಹೇಳುತ್ತಿದ್ದೇನೆ. ಗೇಟಿನ ಆಚೆಗೂ ಕೇಳಿಸಬೇಕೆಂಬುದು ತಮ್ಮದೇ ನಿಯಮವಲ್ಲವೇ?

ಮೊದಲು ನನ್ನ ತಪ್ಪನ್ನು ಒಪ್ಪಿಕೊಂಡುಬಿಡುತ್ತೇನೆ. ನಾನು ಎಲೆಕ್ಟ್ರಿಷಿಯನ್. ಎರಡು ವರ್ಷದ ಹಿಂದೆ ಊರಿನ ಅತಿ ದೊಡ್ಡ ಶಾಲೆಗೆ ಸೈರನ್ ಕೂರಿಸಿದವನು ನಾನೇ. ಕಾರ್ಖಾನೆಯಲ್ಲಿ ಪಾಳಿ ಬದಲಾದಾಗ ಕೂಗುತ್ತದಲ್ಲ, ಆ ಬಗೆಯದು. ಎರಡು ಬೀದಿ ಆಚೆಗೂ ಕೇಳಿಸಿತೆಂದು ಎದೆಯುಬ್ಬಿಸಿಕೊಂಡು ಏಣಿ ಇಳಿದಿದ್ದೆ. ಮರುವರ್ಷ ಮಗಳನ್ನು ಅಲ್ಲಿಗೇ ಸೇರಿಸಿದೆ. ಕಂಪ್ಯೂಟರ್ ಕೋಣೆಯಿತ್ತು, ಈಜುಕೊಳವಿತ್ತು, ಗೋಡೆಯ ತುಂಬ ನಗುವ ಮಕ್ಕಳ ಚಿತ್ರಗಳಿದ್ದವು. ಮೊದಲ ಸೈರನ್ನಿಗೇ ಅವಳು ಬೆಂಚಿನ ಕೆಳಗೆ ನುಗ್ಗಿ ತನ್ನ ಮಣಿಕಟ್ಟನ್ನು ತಾನೇ ಕಚ್ಚಿಕೊಂಡಳು. ದಿನಕ್ಕೆ ಹತ್ತು ಸೈರನ್. ಎರಡನೆಯ ವಾರ ಅಲ್ಲಿಯ ಪ್ರಾಂಶುಪಾಲರು ನಮ್ಮನ್ನು ಕರೆಸಿ, "ನಿಮ್ಮ ಮಗು ನಮ್ಮ ಶಿಸ್ತಿಗೆ ಹೊಂದ್ಕೊಳ್ತಿಲ್ಲ. ಬೇರೆ ಕಡೆ ನೋಡ್ಕೊಳ್ಳಿ" ಎಂದರು. ಆ ಗಾಯಕ್ಕೆ ಔಷಧ ಹಚ್ಚುವಾಗ ನನಗಾದ ನಾಚಿಕೆಯನ್ನು ಬರೆಯಲು ತಮ್ಮ ಯಾವ ಅರ್ಜಿ ನಮೂನೆಯಲ್ಲೂ ಜಾಗವಿಲ್ಲ.

ಅಲ್ಲಿಂದ ಶುರುವಾಯಿತು ನಮ್ಮ ಅಲೆದಾಟ. ಬೇರೆ ತಂದೆತಾಯಿಗಳು ಫಲಿತಾಂಶ ಎಷ್ಟು, ಇಂಗ್ಲಿಷ್ ಹೇಗೆ ಎಂದು ವಿಚಾರಿಸುತ್ತಿದ್ದರೆ ನಾನು ಮತ್ತು ನನ್ನ ಹೆಂಡತಿ, "ಗಂಟೆ ಹೇಗೆ ಹೊಡೀತೀರಿ?" ಎಂದು ಕೇಳುತ್ತಿದ್ದೆವು. ಒಂದು ಶಾಲೆಯ ಗುಮಾಸ್ತರು ನನ್ನ ಹೆಗಲ ಮೇಲಿನ ಕೆಲಸದ ಚೀಲ ನೋಡಿ, "ನಮ್ಗೆ ಗಂಟೆ ಬೇಡ ಕಣ್ರೀ, ಹೋದ್ವರ್ಷ ತಾನೆ ತಗೊಂಡಿದ್ದೀವಿ" ಎಂದು ಬಾಗಿಲಲ್ಲೇ ಸಾಗಹಾಕಿದರು. ವಿಶೇಷ ಶಾಲೆಗೂ ಹೋದೆವು. ಒಳ್ಳೆಯ ಜನ, ಅವರ ಬಗ್ಗೆ ನಾನು ಒಂದು ಮಾತೂ ಆಡುವುದಿಲ್ಲ. ಆದರೆ ಅಲ್ಲಿಯ ಶಿಕ್ಷಕಿಯೇ ಅರ್ಧ ದಿನ ಮಗಳ ಜೊತೆ ನೆಲದ ಮೇಲೆ ಕೂತು, ಆಮೇಲೆ, "ಇವಳಿಗೆ ಮನೆ ಹತ್ರದ ಮಾಮೂಲಿ ಶಾಲೆನೇ ಸರಿ ಹೋಗುತ್ತೆ. ಗದ್ದಲ ಕಮ್ಮಿ ಇರೋದು ನೋಡಿ" ಎಂದು ಹೇಳಿ ಕಳಿಸಿದರು.

ಒಂಬತ್ತನೆಯದು ಎಂಟು ಕೋಣೆಗಳ ಹಳೆಯ ಶಾಲೆ. ಗಂಟೆ ಬಿರುಕು ಬಿಟ್ಟು ಎಷ್ಟೋ ವರ್ಷವಾಗಿದೆ. ಪೀರಿಯಡ್ ಮುಗಿದಾಗ ಅಲ್ಲಿಯ ಆಯಾ ಒಂದು ಸ್ಲೇಟಿನ ಮೇಲೆ ಮುಂದಿನ ಪೀರಿಯಡ್ಡಿನ ಸಂಖ್ಯೆ ಬರೆದುಕೊಂಡು ಒಂದೊಂದೇ ಬಾಗಿಲಲ್ಲಿ ನಿಂತು ತೋರಿಸುತ್ತಾರೆ. ಮಂಡಿನೋವಿನ ಹೆಂಗಸು. ಕೊನೆಯ ಕೋಣೆ ತಲುಪಲು ನಾಲ್ಕು ನಿಮಿಷ ಹಿಡಿಯುತ್ತಿತ್ತು. ತಮ್ಮ ತಪಾಸಣಾ ವರದಿಯಲ್ಲಿ 'ಸಮಯಪಾಲನೆಯಲ್ಲಿ ತೀವ್ರ ಲೋಪ' ಎಂದು ದಾಖಲಾಗಿರುವುದು ಆ ನಾಲ್ಕು ನಿಮಿಷವೇ. ನನ್ನ ಮಗಳನ್ನು ಮನೆಯಲ್ಲಿ ಅಜ್ಜಿ ದೊರೆಸಾನಿ ಎನ್ನುತ್ತಾರೆ. ಕರೆದರೆ ತಿರುಗಿ ನೋಡುವುದೂ ಬಿಡುವುದೂ ಅವಳ ಮರ್ಜಿ. ಆ ದೊರೆಸಾನಿ ಮೂರನೆಯ ವಾರದಲ್ಲಿ ತಾನಾಗಿ ಎದ್ದು ಬಾಗಿಲಲ್ಲಿ ಆಯಾಗಾಗಿ ಕಾಯತೊಡಗಿದಳು. ಒಂದು ದಿನ ಅವರು, "ಬಾರೇ ತಾಯಿ, ನನ್ನ ಮಂಡಿ ಕೈ ಕೊಟ್ಟಿದೆ. ಆ ಕಡೆ ನಾಲ್ಕು ರೂಮು ನೀನೇ ನೋಡ್ಕೋ" ಎಂದು ಇನ್ನೊಂದು ಸ್ಲೇಟು ಕೊಟ್ಟರು. ಇಂದಿಗೂ ಆ ನಾಲ್ಕು ಕೋಣೆ ಅವಳದೇ. ತಮ್ಮ ನಾಲ್ಕು ನಿಮಿಷದ ಲೋಪ ಎರಡಕ್ಕೆ ಇಳಿದಿದೆ, ದಯವಿಟ್ಟು ಅದನ್ನೂ ದಾಖಲಿಸಿ.

ಇದನ್ನೆಲ್ಲ ತಮ್ಮೆದುರು ಹೇಳಿದಾಗ ತಾವು ಫೈಲಿನಿಂದ ತಲೆ ಎತ್ತದೆ, "ಅಂಥ ಮಕ್ಕಳಿಗೆ ಅಂತಾನೇ ಬೇರೆ ಶಾಲೆ ಇದೆಯಲ್ರೀ. ಒಂದು ಮಗೂಗೋಸ್ಕರ ಆದೇಶ ಬದಲಾಯ್ಸೋಕಾಗುತ್ತಾ?" ಎಂದಿರಿ. ಸ್ವಾಮಿ, ಆ ಎಂಟು ಕೋಣೆಗಳಲ್ಲಿ ಸೈರನ್ ಇಲ್ಲದೆ ಯಾವ ಮಗುವಿನ ಮಗ್ಗಿ ನಿಂತಿದೆ? ಯಾರ ಅಕ್ಷರ ಕೆಟ್ಟಿದೆ? ನನ್ನ ಮಗಳು ಯಾವ ಶಾಲೆಯಲ್ಲಿ ಕಲಿಯುತ್ತಾಳೆಂದು ಅವಳನ್ನು ಒಮ್ಮೆಯೂ ನೋಡದ ತಾವು ಹೇಗೆ ತೀರ್ಮಾನಿಸಿದಿರಿ? ಮಾತಿನ ನಡುವೆ ತಾವು ಜವಾನನಿಗಾಗಿ ಮೇಜಿನ ಮೇಲಿನ ಕರೆಗಂಟೆ ಒತ್ತಿದಿರಿ. ಮೂರು ಸಲ ಒತ್ತಿದರೂ ಆತ ಬರಲಿಲ್ಲ. ಕೊನೆಗೆ ತಾವೇ ಎದ್ದು ಬಾಗಿಲಿಗೆ ಹೋಗಿ ಕೈಸನ್ನೆ ಮಾಡಿದಿರಿ, ಬಂದ. ನಾನು ಕೇಳುತ್ತಿರುವುದೂ ಅಷ್ಟೇ.

ಸೈರನ್ ಕೂರಿಸುವ ಕೆಲಸ ನಮ್ಮ ಅಂಗಡಿಗೇ ಬಂತು. ಸೋಮವಾರ ಯಜಮಾನರು ನನ್ನನ್ನೇ ಮಗಳ ಶಾಲೆಗೆ ಕಳಿಸಿದರು. ನಾಲ್ಕು ಸ್ಕ್ರೂ ಹಾಕಿ ಸೈರನ್ನನ್ನು ಗೋಡೆಗೆ ಬಿಗಿದೆ. ವೈರು ಸೇರಿಸಲು ಕೈ ಏಳಲಿಲ್ಲ, ಇಳಿದುಬಿಟ್ಟೆ. ಏಣಿ ಹಿಡಿದುಕೊಂಡಿದ್ದ ಮುಖ್ಯೋಪಾಧ್ಯಾಯಿನಿ, "ನೀವು ಹಾಕ್ದಿದ್ರೆ ಇನ್ನೊಬ್ರನ್ನ ಕಳಿಸ್ತಾರಪ್ಪ. ಮಾನ್ಯತೆ ಹೋದ್ರೆ ಇನ್ನೂರು ಮಕ್ಕಳನ್ನ ನಾನೆಲ್ಲಿಗೆ ಕಳಿಸ್ಲಿ?" ಎಂದು ಕಣ್ಣೊರೆಸಿಕೊಂಡರು. ಅವರದೇನೂ ತಪ್ಪಿಲ್ಲ. ನೋಟಿಸು ಕೊಡುವುದಿದ್ದರೆ ನನಗೆ ಕೊಡಿ, ವಿಳಾಸ ನನ್ನ ಮೂರು ಅರ್ಜಿಗಳಲ್ಲೂ ಇದೆ.

ನನ್ನ ಬೇಡಿಕೆ ಒಂದೇ. ಪೀರಿಯಡ್ ಮುಗಿದದ್ದನ್ನು ಮಕ್ಕಳಿಗೆ ಹೇಗೆ ತಿಳಿಸಬೇಕೆಂಬುದನ್ನು ಶಾಲೆಗಳಿಗೇ ಬಿಡಬೇಕು, ಅದಕ್ಕಾಗಿ ಯಾರ ಮಾನ್ಯತೆಯನ್ನೂ ತಡೆಯಕೂಡದು. ಬಾಯಿಮಾತು ಬೇಡ, ತಿಂಗಳ ಕೊನೆಯೊಳಗೆ ಲಿಖಿತ ತಿದ್ದುಪಡಿ ಬೇಕು.

ಅಲ್ಲಿಯವರೆಗೆ ಬೇರೊಬ್ಬನನ್ನು ಕಳಿಸಿ ವೈರು ಸೇರಿಸೋಣ ಎಂದುಕೊಂಡಿದ್ದರೆ ಒಂದು ಮಾತು. ಇಲಾಖೆಯ ಕೆಲಸ ಮಾಡಲು ಪರವಾನಗಿ ಇರುವ ಎಲೆಕ್ಟ್ರಿಷಿಯನ್‌ಗಳು ಈ ಊರಿನಲ್ಲಿ ಆರು ಮಂದಿ. ಐವರ ಮನೆಗೂ ಹೋಗಿ ಬಂದಿದ್ದೇನೆ. ಒಬ್ಬನಿಗೂ ನನಗೂ ಎಷ್ಟೋ ಕಾಲದಿಂದ ಮಾತಿರಲಿಲ್ಲ. ಅವನೂ ಕೂರಿಸಿ ಟೀ ಕೊಟ್ಟ. ಆ ವೈರು ಮುಟ್ಟುವುದಿಲ್ಲ ಎಂದು ಐವರೂ ಮಾತು ಕೊಟ್ಟಿದ್ದಾರೆ. ಆರನೆಯವನು ನಾನು.

ಇಂತಿ,
ಇಷ್ಟು ವರ್ಷಗಳಲ್ಲಿ ಮೊದಲ ಸಲ ಕೆಲಸ ಅರ್ಧಕ್ಕೆ ಬಿಟ್ಟ ಎಲೆಕ್ಟ್ರಿಷಿಯನ್