ಅಪ್ಪ ಸೇರಿದ ಕೋರ್ಸು

ಪ್ರೀತಿಯ ಅವ್ವ,

ಇದನ್ನು ಕೂತು ಓದು. ನನಗೇ ಇನ್ನೂ ನಂಬಲಾಗುತ್ತಿಲ್ಲ, ನಿನಗೆ ಹೇಗೆ ನಂಬಿಸಲಿ? ಅಪ್ಪ ಕಾಲೇಜಿಗೆ ಹೋಗುತ್ತಿದ್ದಾರೆ. ಹೌದು, ನಮ್ಮ ಅಪ್ಪನೇ. ಕುಡಿದ ಚಹಾದ ಲೋಟವನ್ನು ಕೂತಲ್ಲೇ ಬಿಟ್ಟು ಏಳುತ್ತಿದ್ದ ರೈಲ್ವೆ ಸಾಹೇಬರು ಈಗ ಬೆಳಿಗ್ಗೆ ಡಬ್ಬಿ ಕಟ್ಟಿಕೊಂಡು, ಬಿಳಿ ಕೋಟು ಮಡಚಿಟ್ಟುಕೊಂಡು ಸಿಟಿ ಬಸ್ಸಿಗೆ ಓಡುತ್ತಾರೆ.

ನೀನು ಹೋದ ಮೇಲೆ ವಡೋದರಾದ ಮನೆ ಖಾಲಿ ಮಾಡಿಸಿ ಅವರನ್ನು ಇಲ್ಲಿಗೆ, ಅಹಮದಾಬಾದಿನ ಬೋಪಾಲ್ ಬಡಾವಣೆಗೆ ಕರೆತಂದೆವು. ನಮ್ಮ ಫ್ಲ್ಯಾಟಿನ ಬಾಲ್ಕನಿಯಲ್ಲಿ ಕೂತು ಎದುರಿನ ಹೊಸ ಕಟ್ಟಡಕ್ಕೆ ಕ್ರೇನು ಇಟ್ಟಿಗೆ ಎತ್ತುವುದನ್ನು ನೋಡುತ್ತಿದ್ದರು. ಊಟಕ್ಕೆ ಕರೆದರೆ ಬರುತ್ತಿದ್ದರು, ಕರೆಯದಿದ್ದರೆ ಇಲ್ಲ. ಇವರೂ ಬಹಳ ದಿನ ಇರಲಿಕ್ಕಿಲ್ಲ ಎಂದು ನಾನು ಒಳಗೊಳಗೇ...

ಇರಾಳ ಹನ್ನೆರಡನೆಯ ಕ್ಲಾಸಿನ ಫಲಿತಾಂಶ ಬಂದ ದಿನ ಮನೆಯಲ್ಲಿ ರಂಪವಾಯಿತು. ನಿನ್ನ ಮೊಮ್ಮಗಳು ಎಂಜಿನಿಯರಿಂಗ್ ಬೇಡವೇ ಬೇಡ ಎಂದು ಹಟ ಹಿಡಿದಳು. ಅವಳಿಗೆ ಬಟ್ಟೆಯ ಮೇಲಿನ ಚಿತ್ರ, ಬಣ್ಣ, ಅಚ್ಚು ಇವೇ ಬೇಕಂತೆ. ಯಾರೋ ಚಾಂದ್‌ಖೇಡಾ ಕಡೆಯ ಕಮ್ಯುನಿಟಿ ಕಾಲೇಜಿನ ಬಗ್ಗೆ ಹೇಳಿದರು. ಅಲ್ಲಿ ಆರು ತಿಂಗಳ ಸರ್ಟಿಫಿಕೇಟು, ವರ್ಷದ ಡಿಪ್ಲೊಮಾ ಎಲ್ಲ ಇದೆ, ಮುಂದೆ ಬೇಕಾದರೆ ಡಿಗ್ರಿಗೂ ಸೇರಬಹುದು ಎಂದರು. ವಿಚಾರಿಸಿ ಬರೋಣವೆಂದು ಹೊರಟೆವು. ಮನೆಯಲ್ಲಿ ಒಬ್ಬರೇ ಕೂರುವುದು ಬೇಡವೆಂದು ಅಪ್ಪನನ್ನೂ ಜೊತೆಗೆ ಕರೆದುಕೊಂಡೆ. ಅಷ್ಟೇ ನಾನು ಮಾಡಿದ್ದು.

ಕಾಲೇಜಿನ ಆಫೀಸಿನಲ್ಲಿ ಫಾಲ್ಗುಣಿಬೆನ್ ಎಂಬ ಹೆಂಗಸು ಯಾರಿಗೆ ಯಾವ ಕೋರ್ಸು ಒಪ್ಪುತ್ತದೆಂದು ಹೇಳಲು ಕೂತಿದ್ದಳು. ಇರಾಳಿಗೆ ಅಲ್ಲೇ ಸಣ್ಣ ಪರೀಕ್ಷೆ ಕೊಟ್ಟಳು. ಬಟ್ಟೆ ಅಚ್ಚಿನ ಡಿಪ್ಲೊಮಾ ಸಿಕ್ಕಿತು, ಕೊನೆಗೆ ಸೂರತ್‌ನ ಮಿಲ್ಲಿನಲ್ಲಿ ತರಬೇತಿಯೂ ಉಂಟು. ಆದರೆ ಲೆಕ್ಕದಲ್ಲಿ ಹಿಂದಿದ್ದಾಳೆ, ಮೊದಲು ತಳಪಾಯದ ಕ್ಲಾಸಿನಲ್ಲಿ ಕೂರಬೇಕು ಎಂದಾಗ ಹುಡುಗಿಯ ಮುಖ ಸಪ್ಪಗಾಯಿತು. ನಾನು ಅವಳನ್ನು ಸಮಾಧಾನ ಮಾಡುತ್ತಿದ್ದಾಗ ಅಪ್ಪ ಗಂಟಲು ಸರಿಮಾಡಿಕೊಂಡು, ಮೇಜಿನ ಮೇಲಿದ್ದ ಹಾಳೆಯ ಮೇಲೆ ಬೆರಳಿಟ್ಟು, ಇದಕ್ಕೆ ವಯಸ್ಸಿನ ಮಿತಿ ಇದೆಯೇ ಎಂದು ಗುಜರಾತಿಯಲ್ಲಿ ಕೇಳಿದರು. ಯಾರಿಗೆ ಎಂದಳು ಆಕೆ. ನನಗೆ ಎಂದರು.

ಆಕೆ ನಕ್ಕು, ಹಿರಿಯರಿಗೆಂದೇ ಇರುವ ಕಂಪ್ಯೂಟರ್ ಕ್ಲಾಸು ತೋರಿಸಿದಳು. ಅಪ್ಪನ ಬೆರಳು ಕದಲಲಿಲ್ಲ. ಬಗ್ಗಿ ನೋಡಿದೆ. ಮನೆಯಲ್ಲಿ ರೋಗಿಗಳ ಆರೈಕೆ ಮಾಡುವವರ ಕೋರ್ಸು. ಅವ್ವ, ತಗ್ಗಿದ ದನಿಯಲ್ಲಿ, "ಅಪ್ಪಾ, ಇದು ಮೈ ಒರಸೂದು, ಹೊಲಸು ಬಳಿಯೂದು. ನಿಮಗ ತಿಳದದ ಇಲ್ಲೋ?" ಎಂದೆ.

"ತಿಳದದ. ಅದನ್ನ ಕಲೀಬೇಕಾಗೇದ," ಎಂದರು.

ಲಕ್ವಾ ಹೊಡೆದು ನೀನು ಮಲಗಿದ್ದ ದಿನಗಳು ನನ್ನ ಕಣ್ಣ ಮುಂದೆ ಬಂದವು. ಕೆಲಸದ ಬಾಯಿ ಬಂದು ನಿನ್ನನ್ನು ತೊಳೆಯುತ್ತಿದ್ದಳು. ಅವಳು ಬಾರದ ದಿನ ನಾನು ಅಹಮದಾಬಾದಿನಿಂದ ಓಡಿ ಬರಬೇಕಿತ್ತು. ಅಪ್ಪ ಔಷಧಿ ತಂದರು, ಡಾಕ್ಟರರನ್ನು ಕರೆದರು, ಔಷಧಿ ಅಂಗಡಿಯವನ ಮೇಲೆ ಕೂಗಾಡಿದರು, ಆದರೆ ನಿನ್ನನ್ನು ಮುಟ್ಟಲಿಲ್ಲ. ಹೇಸಿಗೆ ಎಂದುಕೊಂಡೆವು ನಾವೆಲ್ಲ, ಗಂಡಸಿನ ಬಿಗುಮಾನ ಎಂದುಕೊಂಡೆವು. ನಿನ್ನ ಬೆನ್ನಿನ ಹುಣ್ಣು ನೋಡಿದ ಡಾಕ್ಟರು, ಹೊತ್ತುಹೊತ್ತಿಗೆ ಮಗ್ಗುಲು ಬದಲಿಸಲಿಲ್ಲವೇ ಎಂದು ಕೇಳಿದಾಗ ಅಪ್ಪ ಎದ್ದು ಹೊರಗೆ ಹೋದರು. ನಿನಗೆ ಆಗ ಏನನ್ನಿಸಿತು ಅವ್ವ? ಮಾತು ನಿಂತುಹೋಗಿದ್ದ ನಿನ್ನನ್ನು ಯಾರೂ ಕೇಳಲಿಲ್ಲ, ಅಲ್ಲವೇ?

ಆ ಕೋರ್ಸಿಗೆ ಸೇರಿಸಿಕೊಳ್ಳುವ ಮುನ್ನ, ಅವತ್ತೇ, ಕೈಯಾರೆ ಮಾಡಿ ತೋರಿಸುವ ಪರೀಕ್ಷೆ ಇತ್ತು. ಕಬ್ಬಿಣದ ಮಂಚದ ಮೇಲೆ ಆಳೆತ್ತರದ ಬೊಂಬೆ ಮಲಗಿಸಿದ್ದರು. ಪಾಠ ಹೇಳುವ ನರ್ಸಮ್ಮ, ರೋಗಿಯನ್ನು ಮುಟ್ಟುವ ಮೊದಲು ಹೆಸರು ಹಿಡಿದು ಕರೆಯಿರಿ, ಏನು ಮಾಡುತ್ತೀರೆಂದು ಹೇಳಿ, ಆಮೇಲೆ ಹೊರಳಿಸಿ ಎಂದಳು. ಹದಿನೆಂಟರ ಹುಡುಗಿಯರು ಕಿಸಕ್ಕನೆ ನಗುತ್ತ, ಆಂಟಿ, ಮಾಸಿ ಎಂದೆಲ್ಲ ಕರೆದು ಮುಗಿಸಿದರು. ಅಪ್ಪನ ಸರದಿ ಬಂತು. ಅವರು ಮಂಚದ ಪಕ್ಕ ಸುಮ್ಮನೆ ನಿಂತರು. ಕೈ ಮುಂದೆ ಚಾಚಿ ಮತ್ತೆ ಹಿಂದೆಳೆದುಕೊಂಡರು. ನಾನಿನ್ನೇನು ಹೋಗಿ ಕರೆತರಬೇಕು, ಅಷ್ಟರಲ್ಲಿ ಅವರು ಬಗ್ಗಿದರು.

"ಶಾಂತಾ, ಎಡಮಗ್ಗಲಿಗೆ ಹೊರಳಸ್ತೀನಿ. ನೋವಾದ್ರ ಹೇಳು."

ಹುಟ್ಟಿದಾಗಿನಿಂದ ಅವರ ಬಾಯಲ್ಲಿ ನಿನ್ನ ಹೆಸರು ಕೇಳಿದವಳಲ್ಲ ನಾನು. 'ಏ, ಕೇಳಿದೇನು' ಎನ್ನುತ್ತಿದ್ದರು, ಬಹಳವಾದರೆ 'ಸುಧಾನ ಅವ್ವ'. ಆಸ್ಪತ್ರೆಯಲ್ಲಿ ಪೇಶಂಟಿನ ಹೆಸರೇನು ಎಂದರೂ ನನ್ನ ಕಡೆ ಕೈ ತೋರಿಸಿದವರು. ನಾವಿಲ್ಲದಾಗ ಹಾಗೆ ಕರೆಯುತ್ತಿದ್ದರೇ? ಒಮ್ಮೆಯಾದರೂ? ಇರಾ ನನ್ನ ತೋಳು ಜಗ್ಗಿ, "ಮಮ್ಮಿ, ಶಾಂತಾ ಅಂದ್ರೆ ಅಜ್ಜಿನಾ?" ಎಂದು ಕೇಳಿದಳು. ಅವಳಿಗೆ ನಿನ್ನ ಹೆಸರೇ ಗೊತ್ತಿರಲಿಲ್ಲ ನೋಡು. ಹೌದೆಂದು ತಲೆಯಾಡಿಸಿದೆ.

ಅಪ್ಪ ಹೊರಳಿಸಿದ್ದು ತಪ್ಪಾಗಿತ್ತು. ಬೊಂಬೆಯ ಕೈ ಮೈಕೆಳಗೆ ಸಿಕ್ಕಿಬಿತ್ತು. ನರ್ಸಮ್ಮ ಬೈಯಲಿಲ್ಲ. ಮೊಣಕಾಲು ಮಡಚಿ, ಭುಜ ಮತ್ತು ಸೊಂಟಕ್ಕೆ ಕೈ ಕೊಟ್ಟು ಹೇಗೆ ಎಳೆದುಕೊಳ್ಳಬೇಕೆಂದು ತೋರಿಸಿದಳು. ಮುಖ್ಯ ಕ್ಲಾಸಿಗೆ ಆಗುವುದಿಲ್ಲ, ಮೊದಲು ತಯಾರಿ ಕ್ಲಾಸಿಗೆ ಬನ್ನಿ, ಕೈಕಾಲು ಗಟ್ಟಿಯಾದರೆ ಮುಂದೆ ನೋಡೋಣ ಎಂದಳು. ಅಜ್ಜ ಮೊಮ್ಮಗಳು ಇಬ್ಬರೂ ತಳದ ಕ್ಲಾಸಿಗೇ. ಇರಾ ಅಷ್ಟು ಹೊತ್ತಿಗೆ ಮೊದಲ ಸಲ ನಕ್ಕಳು.

ಮನೆಗೆ ಬರುವಾಗ ಕಾರಿನಲ್ಲಿ ಅವರು ತಾವಾಗಿಯೇ ಮಾತೆತ್ತಿದರು. "ಅಂಜಿಕಿ ಬರ್ತಿತ್ತು ಸುಧಾ. ಮುಟ್ಟಿದ್ರ ಏನರ ಮುರದೀತು ಅಂತ. ಹೆಂಗ ಹಿಡೀಬೇಕು ಅನ್ನೂದು ಯಾರೂ ಹೇಳ್ಲಿಲ್ಲ, ನಾನೂ ಕೇಳ್ಲಿಲ್ಲ." ಆಮೇಲೆ ಕಿಟಕಿಯ ಕಡೆ ಮುಖ ತಿರುಗಿಸಿದರು. ನಾನು ಗಾಡಿ ಓಡಿಸುತ್ತಲೇ ಇದ್ದೆ. ಹೇಸಿಗೆ ಅಲ್ಲ, ಬಿಗುಮಾನ ಅಲ್ಲ, ಬರೀ ಭಯ. ಇಷ್ಟು ವರ್ಷ ಒಂದೇ ಮನೆಯಲ್ಲಿದ್ದೂ ನಮಗೆ...

ಮಳೆಗಾಲ ಮುಗಿಯುವ ಹೊತ್ತಿಗೆ ಅವರನ್ನು ಮುಖ್ಯ ಕ್ಲಾಸಿಗೆ ತೆಗೆದುಕೊಂಡರು. ಈಗ ಒಂದು ಆಸ್ಪತ್ರೆಯ ಗಂಡಸರ ವಾರ್ಡಿನಲ್ಲಿ ಅಭ್ಯಾಸ ನಡೆದಿದೆ. ಕ್ಲಾಸಿನ ಹುಡುಗಿಯರು ಕಾಕಾ ಎನ್ನುತ್ತಾರೆ, ಪರೀಕ್ಷೆಗೆ ಇವರ ಹತ್ತಿರ ಪಾಠ ಹೇಳಿಸಿಕೊಳ್ಳುತ್ತಾರೆ.

ಇಷ್ಟೆಲ್ಲ ಹೇಳಿ ಮುಖ್ಯ ಸುದ್ದಿಯನ್ನು ಕೊನೆಗೆ ಇಟ್ಟುಕೊಂಡಿದ್ದೇನೆ. ಧೈರ್ಯ ತಂದುಕೋ. ಮೊನ್ನೆ ಗದಗಿನಿಂದ ಅತ್ತಿ, ಬಸು ಮಾಮಾನ ಹೆಂಡತಿ, ಫೋನು ಮಾಡಿದಳು. ಮಾಮಾನಿಗೆ, ನೀನು ಎತ್ತಿ ಆಡಿಸಿದ ನಿನ್ನ ತಮ್ಮನಿಗೆ, ನಿನ್ನಂತೆಯೇ ಲಕ್ವಾ ಹೊಡೆದಿದೆ. ಬಲಗಡೆ ಪೂರ್ತಿ ಬಿದ್ದುಹೋಗಿದೆ. ಅಪ್ಪನಿಗೆ ಹೇಳಿದೆ. ಅಪ್ಪ ಫೋನು ತೆಗೆದುಕೊಂಡು, "ಮಗ್ಗಲಾ ಬದಲಿಸಿ ಎಷ್ಟೊತ್ತಾತವಾ?" ಎಂದರು. ಆಕೆಗೆ ಗೊತ್ತಿರಲಿಲ್ಲ. ವಿಡಿಯೊ ಹಚ್ಚಿಸಿ, ದಿಂಬು ಎಲ್ಲಿಡಬೇಕು, ಕಾಲು ಹೇಗೆ ಮಡಚಬೇಕು ಎಂದು ಒಂದೊಂದಾಗಿ ಹೇಳಿಕೊಟ್ಟರು. ಫೋನು ಇಟ್ಟವರೇ ನರ್ಸಮ್ಮನ ಹತ್ತಿರ ರಜೆ ಕೇಳಿದರು. ಅದನ್ನೂ ಅಭ್ಯಾಸದ ಲೆಕ್ಕಕ್ಕೇ ಹಿಡಿಯುತ್ತೇನೆ, ಹೋಗಿ ಬನ್ನಿ ಎಂದಳಂತೆ.

ನಾಳೆ ಅಪ್ಪ ಗದಗಿಗೆ ಹೊರಡುತ್ತಾರೆ. ಮಾಮಾ ಎದ್ದು ಕೂರುವವರೆಗೆ ಅಲ್ಲೇ ಇರುತ್ತಾರಂತೆ. ನಿನ್ನ ತಮ್ಮನ ಬೆನ್ನಿಗೆ ಹುಣ್ಣಾಗಲು ಅವರು ಬಿಡುವುದಿಲ್ಲ ಅವ್ವ.

ನಿನ್ನ
ಸುಧಾ